ಮೈಕಣ್ಣನ ನೀಲಿ ಛಾವಣಿ

ಅವನಿಗೆ ತಾಯಿ ಇಟ್ಟ ಹೆಸರು ಬೇರೆಯೇ ಇತ್ತು, ಆದರೆ ಊರಿಗೆಲ್ಲ ಅವನು ಮೈಕಣ್ಣ. ಪುರಸಭೆಯ ಜೀಪಿನಲ್ಲಿ ಡ್ರೈವರ್ ಪಕ್ಕ ಕೂತು, ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆ, ಯಾವ ರಸ್ತೆ ಅಗೆಯುತ್ತಾರೆ, ಯಾವ ಕಡೆ ಕರೆಂಟಿಲ್ಲ ಎಂದು ಮೈಕಿನಲ್ಲಿ ಕೂಗಿ ಹೇಳುವುದು ಅವನ ಕೆಲಸ. ಸಮುದ್ರದ ಮೇಲೆ ಚಂಡಮಾರುತ ಎದ್ದಿದೆ ಎಂದು ಸುದ್ದಿ ಬಂದರಂತೂ ಅವನಿಗೆ ಪುರುಸೊತ್ತೇ ಇರುತ್ತಿರಲಿಲ್ಲ. ದೋಣಿ ಮೇಲಕ್ಕೆಳೆದು ಕಟ್ಟಿ, ಸಡಿಲ ಸಾಮಾನು ಒಳಗಿಡಿ, ಶಾಲೆ ಕಟ್ಟಡಕ್ಕೆ ಹೊರಡಿ ಎಂದು ಓಣಿ ಓಣಿ ಸುತ್ತುತ್ತಿದ್ದ. ಅವನ ದನಿ ಕೇಳಿದರೆ ತೊಟ್ಟಿಲ ಕೂಸೂ ಅಳು ನಿಲ್ಲಿಸುತ್ತದೆ ಎಂದು ಜನ ತಮಾಷೆ ಮಾಡುತ್ತಿದ್ದರು.

ಗಾಳಿ ಬೀಸದ ದಿನಗಳಲ್ಲೂ ಎಂಜಿನಿಯರು ಬರೆದುಕೊಟ್ಟದ್ದನ್ನು ಓದುವುದಿರುತ್ತಿತ್ತು. ತಗಡಿನ ಛಾವಣಿ ಹಾಕಿಸುವವರು ದಪ್ಪ ಶೀಟನ್ನೇ ಆರಿಸಿ. ಸೂರನ್ನು ಗೋಡೆಯಿಂದ ಬಹಳ ಮುಂದೆ ಚಾಚಬೇಡಿ, ಗಾಳಿ ಅಡಿಯಿಂದ ಎತ್ತುತ್ತದೆ. ಅಂಚಿನಲ್ಲಿ ಸ್ಕ್ರೂಗಳು ಹತ್ತಿರ ಹತ್ತಿರ ಇರಲಿ. ಮರಕ್ಕೂ ಗೋಡೆಗೂ ಕಬ್ಬಿಣದ ಪಟ್ಟಿ ಹಾಕಿ ಬಿಗಿಯಿರಿ. ಇಷ್ಟೂ ಅವನಿಗೆ ಬಾಯಿಪಾಠ. ನಿದ್ದೆಗಣ್ಣಿನಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ.

ಹಾಗಿದ್ದೂ ತನ್ನ ಸ್ವಂತ ಮನೆಗೆ ಛಾವಣಿ ಆರಿಸಲು ಹೆಂಡತಿಯನ್ನು ಕರೆದುಕೊಂಡು ಶೀಟಿನ ಅಂಗಡಿಗೆ ಹೋದ ದಿನ, ಆ ಮಾತುಗಳಲ್ಲಿ ಒಂದೂ ಅವನ ತಲೆಗೆ ಬರಲಿಲ್ಲ. ಬಂದಿದ್ದರೂ ಅವು ಬೇರೆಯವರಿಗಾಗಿ ಬರೆದ ಮಾತು ಎನ್ನುವ ಹಾಗೆ ಪಕ್ಕಕ್ಕೆ ಸರಿಸಿಬಿಡುತ್ತಿದ್ದ.

ಅಂಗಡಿಯ ಯಜಮಾನಿ ಬಾಯಿಬಡುಕಿ, ಆದರೆ ಮೋಸದವಳಲ್ಲ. ಎರಡು ತುಂಡು ತಂದು ಮೇಜಿನ ಮೇಲಿಟ್ಟಳು. ಒಂದು ಬೂದು ಬಣ್ಣದ್ದು, ದಪ್ಪಗೆ, ಹಿಡಿದರೆ ಕೈ ಜಗ್ಗುವಂಥದ್ದು. ಇನ್ನೊಂದು ನವಿಲಿನ ಕತ್ತಿನಂಥ ನೀಲಿ. ಕಿಟಕಿಯಿಂದ ಬಿದ್ದ ಬಿಸಿಲಿಗೆ ಅದು ಮಿಂಚಿದ್ದು ನೋಡಿ ಮೈಕಣ್ಣನ ಕಣ್ಣು ಅಲ್ಲೇ ನಿಂತಿತು.

"ಈ ಬೂದು ಶೀಟಿಗೆ ಉಪ್ಪುಗಾಳಿ ಬೇಗ ಹತ್ತಲ್ಲ," ಎಂದಳು ಯಜಮಾನಿ. "ಅಂಚಿಗೆ ಅಂಚು ಮಡಚಿ ಕೂರಿಸ್ತಾರೆ, ಅಡಿಯಲ್ಲಿ ಕ್ಲಿಪ್ಪು. ಗಾಳಿಗೆ ಎಲ್ಲೂ ಬೆರಳು ತೂರಿಸೋಕೆ ಜಾಗ ಸಿಗಲ್ಲ. ನೀಲಿ ಚೆಂದ ಇದೆ, ಸುಳ್ಳು ಹೇಳಲ್ಲ. ಆದರೆ ಅದು ತೆಳು. ಕಡಲಿಗೆ ಬೆನ್ನು ಮಾಡಿರೋ ಮನೆಗಳಿಗೆ ಪರವಾಗಿಲ್ಲ. ನಿಮ್ಮದು ಎದುರಿಗೇ ಇದೆ."

"ಬೂದೇ ಇರಲಿ ರೀ," ಎಂದಳು ಹೆಂಡತಿ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಯಾವ ಚೀಟಿಯನ್ನೂ ಎರಡು ಸಲ ಓದದೆ ಮಾತ್ರೆ ಕೊಡದವಳು. "ನೋಡೋಕೆ ಏನಿದೆ? ಮೇಲೆ ಹತ್ತಿ ಕೂತು ನೋಡ್ತೀವಾ?"

"ನಾವಲ್ಲ, ಜನ ನೋಡ್ತಾರೆ," ಎಂದ ಮೈಕಣ್ಣ. ಆಮೇಲೆ ಅದು ತುಂಬ ಸಣ್ಣ ಮಾತಾಯಿತೆನಿಸಿ ನಕ್ಕ. "ಇಷ್ಟು ವರ್ಷ ಊರು ನನ್ನ ದನಿ ಕೇಳಿದೆ. ಒಂದು ಸಲ ನನ್ನ ಮನೆ ನೋಡಲಿ ಅಂತ ಆಸೆ. ಅಷ್ಟೂ ಬೇಡವಾ?"

ಹೆಂಡತಿ ಸುಮ್ಮನಾದಳು. ನೀಲಿ ಬಂತು. ಬೂದು ಶೀಟಿಗೂ ಕಬ್ಬಿಣದ ಪಟ್ಟಿಗೂ ಆಗುತ್ತಿದ್ದ ಖರ್ಚೆಲ್ಲ ಸೂರು ಉದ್ದ ಮಾಡುವುದಕ್ಕೆ ಹೋಯಿತು. ಜಗಲಿಯ ಮೇಲೆ ದೊಡ್ಡ ಟೋಪಿ ಇಟ್ಟ ಹಾಗೆ ಅದು ರಸ್ತೆಯವರೆಗೂ ಚಾಚಿತು. ಅದರ ನೆರಳಲ್ಲಿ ಕುರ್ಚಿ ಹಾಕಿ ಕೂತು ಮೈಕಣ್ಣ ಸಂಜೆ ಹೊತ್ತು ಚಹಾ ಕುಡಿಯುತ್ತಿದ್ದ. ಹೋಗಿಬರುವವರು ನಿಂತು ಹೊಗಳುತ್ತಿದ್ದರು. ಮೀನು ಹಿಡಿದು ಮರಳುವ ದೋಣಿಯವರು, ಈಗ ನಮಗೆ ದೀಪಸ್ತಂಭಕ್ಕಿಂತ ಮೊದಲು ನಿನ್ನ ಮನೆಯೇ ಕಾಣುತ್ತದೆ ಎಂದಾಗ ಅವನ ಮೈ ಅರ್ಧ ಮೊಳ ಉಬ್ಬಿತು.

ಎದುರು ಮನೆಯ ಟೈಲರಕ್ಕ ಮಾತ್ರ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಹೇಳಿದಳು: "ಬಣ್ಣ ಚೆನ್ನಾಗಿದೆ ಕಣಪ್ಪಾ. ಆದರೆ ಅಂಚು ಗಾಳಿಗೆ ಪಟಪಟ ಅನ್ನುತ್ತೆ. ಹೊಲಿಗೆ ದೂರ ದೂರ ಬಿದ್ದಿದೆ ಅನ್ಸುತ್ತೆ."

"ಅದು ಹೊಸದು ಅಕ್ಕಾ, ಕೂತ್ಕೊಳ್ಳುತ್ತೆ," ಎಂದ ಅವನು.

ಟೈಲರಕ್ಕ ಒಂಟಿ. ಗಂಡ ತೀರಿಹೋದ ಮೇಲೆ ಮುಂದಿನ ಕೋಣೆಯಲ್ಲೇ ಮೆಷಿನ್ನು ಹಾಕಿಕೊಂಡು, ಆ ಓಣಿಯ ಮಕ್ಕಳ ಶಾಲೆ ಬಟ್ಟೆಯಿಂದ ಮುದುಕರ ಅಂಗಿಯವರೆಗೆ ಎಲ್ಲವನ್ನೂ ಹೊಲಿಯುತ್ತಿದ್ದಳು. ಮೈಕಣ್ಣನ ಮಗಳು ಚಿಕ್ಕವಳಿದ್ದಾಗ, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಬೆಳೆದದ್ದೇ ಆ ಮೆಷಿನ್ನಿನ ಕೆಳಗೆ, ಚಿಂದಿ ಬಟ್ಟೆಗಳ ನಡುವೆ. ಮದುವೆಯಾಗಿ ಹೋದ ಮೇಲೂ ಆ ಹುಡುಗಿ ಫೋನ್ ಮಾಡಿದರೆ ಮೊದಲು ಕೇಳುವುದು, ದೊಡ್ಡಮ್ಮ ಹೇಗಿದ್ದಾಳೆ ಎಂದು.

ಆ ವರ್ಷದ ದೊಡ್ಡ ಗಾಳಿ ಬರುವ ಹಿಂದಿನ ದಿನ ಮೈಕಣ್ಣ ಬೆಳಗಿನಿಂದ ಕೂಗಿ ಕೂಗಿ ಗಂಟಲು ಒಡೆದುಕೊಂಡಿದ್ದ. ತನ್ನ ಓಣಿಗೆ ಬಂದಾಗ ಜೀಪು ನಿಲ್ಲಿಸಿ ಇಳಿದೇ ಹೋದ.

"ಅಕ್ಕಾ, ಹೊರಡು. ಪ್ರತಿ ಸಲದ ಹಾಗಲ್ಲ ಇದು."

"ಮೆಷಿನ್ನು ಬಿಟ್ಟು ಎಲ್ಲಿಗೆ ಬರಲಿ? ನನ್ನ ಮನೆ ಗಾರೆ ಛಾವಣಿ, ಕೂತ್ಕೋತೀನಿ. ನೀನು ನಿನ್ನ ಮನೆ ನೋಡ್ಕೋ ಹೋಗು."

ಮೆಷಿನ್ನನ್ನೇ ಎತ್ತಿ ಜೀಪಿಗೆ ಹಾಕುತ್ತೇನೆ ಎಂದ. ಬೈದು ಕಳಿಸಿದಳು. ಅವನು ಹೆಂಡತಿಯನ್ನು ಕರೆದುಕೊಂಡು ಶಾಲೆಗೆ ಹೋದ.

ಮರುದಿನ ಬೆಳಗ್ಗೆ ಶುರುವಾದ ಗಾಳಿ ಮಧ್ಯಾಹ್ನ ದಾಟುವವರೆಗೆ ಬೀಸಿತು. ಶಾಲೆಯ ಬೆಂಚುಗಳ ಮಧ್ಯೆ ಜನ ಮುದ್ದೆಯಾಗಿ ಕೂತಿದ್ದರು. ಹೊರಗೆ ಏನೋ ಹರಿಯುವ, ಬಡಿಯುವ, ಉರುಳುವ ಸದ್ದು. ಒಮ್ಮೆ ಕಿಟಕಿಯ ಸಂದಿನಿಂದ ಇಣುಕಿದ ಯಾರೋ, "ಅಗೋ, ನೀಲಿ ಏನೋ ಹಾರಿಹೋಯ್ತು!" ಎಂದರು. ಕೆಲವರು ಮೈಕಣ್ಣನ ಕಡೆ ತಿರುಗಿದರು. ಅವನು ನೆಲ ನೋಡಿದ. ಹೆಂಡತಿ ಅವನ ಮೊಣಕೈ ಹಿಡಿದುಕೊಂಡಳು, ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಗಾಳಿ ತಗ್ಗಿದ ಕೂಡಲೇ ಪುರಸಭೆಯವರಿಗೆ ಮೊದಲು ಹೊರಡಲು ಹೇಳಿದರು. ರಸ್ತೆಗೆ ಕಂಬಗಳು ಅಡ್ಡ ಬಿದ್ದಿದ್ದರಿಂದ ಜೀಪು ಮುಂದೆ ಹೋಗಲಿಲ್ಲ. ಮೈಕಣ್ಣ ಒಬ್ಬನೇ ನಡೆದು ತನ್ನ ಓಣಿಗೆ ಬಂದ.

ಅವನ ಮನೆಗೆ ತಲೆ ಇರಲಿಲ್ಲ. ನಾಲ್ಕು ಗೋಡೆ, ಮೇಲೆ ಆಕಾಶ. ಜಗಲಿಯ ಕಂಬಗಳು ಮುರಿದು ಬಿದ್ದಿದ್ದವು. ಗಾಳಿ ಆ ಉದ್ದ ಸೂರನ್ನು ಅಡಿಯಿಂದ ಹಿಡಿದು, ಡಬ್ಬಿಯ ಮುಚ್ಚಳ ತೆಗೆದ ಹಾಗೆ ತೆಗೆದಿತ್ತು. ಮಂಚದ ಮೇಲೆ ನೀರು ನಿಂತಿತ್ತು. ಅವನು ಅಯ್ಯೋ ಎನ್ನುವಷ್ಟರಲ್ಲಿ ತಿರುಗಿ ಎದುರು ಮನೆ ನೋಡಿದ.

ಟೈಲರಕ್ಕನ ಮುಂದಿನ ಕಿಟಕಿಯಲ್ಲಿ ನೀಲಿ ಶೀಟು ಸಿಕ್ಕಿಕೊಂಡಿತ್ತು. ಸೂರಿನ ಮುಂಭಾಗದ್ದು. ಅರ್ಧ ಹೊರಗೆ, ಅರ್ಧ ಒಳಗೆ. ಬಾಗಿಲು ತೆರೆದೇ ಇತ್ತು. ಒಳಗೆ ಹೋದರೆ ಮೆಷಿನ್ನು ಮಗ್ಗುಲಾಗಿ ಬಿದ್ದಿದೆ, ಗಾಜು ಚೂರಾಗಿದೆ, ನೆಲದ ಮೇಲೆ ರಕ್ತ ಮಳೆನೀರಿಗೆ ಬೆರೆತು ಹರಡಿದೆ. ಅಕ್ಕ ಇರಲಿಲ್ಲ. "ಅಕ್ಕಾ!" ಎಂದು ಕೂಗಿದ. ಹಿತ್ತಲ ಗೋಡೆಯಾಚೆಯಿಂದ ಯಾರೋ, "ಅಗ್ನಿಶಾಮಕದವರು ಆಗಲೇ ಹಿತ್ತಲ ಕಡೆಯಿಂದ ಹೊತ್ಕೊಂಡು ಹೋದರು, ಜೀವಕ್ಕೇನಿಲ್ಲ, ಕೈ ಹೋಗಿದೆ!" ಎಂದು ಕೂಗಿ ಹೇಳಿದರು.

ಆಮೇಲೆ ಮಾಡಿದ್ದನ್ನು ಮೈಕಣ್ಣ ಯೋಚಿಸಿ ಮಾಡಲಿಲ್ಲ. ಆದರೆ ಯೋಚಿಸದೆ ಮಾಡಿದೆ ಎಂದು ಹೇಳಿಕೊಳ್ಳುವ ಮುಖವೂ ಅವನಿಗೆ ಆಮೇಲೆ ಉಳಿಯಲಿಲ್ಲ. ಓಣಿ ಖಾಲಿ ಇದೆಯೇ ಎಂದು ಎರಡೂ ಕಡೆ ನೋಡಿದ. ಶೀಟನ್ನು ಕಿಟಕಿಯಿಂದ ಎಳೆದ. ಅದು ಚೌಕಟ್ಟನ್ನು ಕೆರೆಯುತ್ತ ಕಿರ್ರೆಂದು ಹೊರಬಂತು. ಮೊಣಕಾಲಲ್ಲಿ ಒತ್ತಿ ಮಡಚಿದ. ತನ್ನ ಮನೆಯ ಹಿಂದಿನ ದೊಡ್ಡ ಚರಂಡಿಯಲ್ಲಿ ಕೆಸರುನೀರು ತುಂಬಿ ಹರಿಯುತ್ತಿತ್ತು. ಅದರೊಳಗೆ ತುರುಕಿ ಕಾಲಿನಿಂದ ಅದುಮಿದ. ಅಂಗೈ ಕುಯ್ದುಕೊಂಡದ್ದು ಕೈ ತೊಳೆದಾಗಲಷ್ಟೇ ಗೊತ್ತಾಯಿತು.

ಸ್ವಲ್ಪ ಹೊತ್ತಿಗೆ ಪುರಸಭೆಯ ಸೂಪರ್‌ವೈಸರು ಇನ್ನಿಬ್ಬರನ್ನು ಕರೆದುಕೊಂಡು ಬಂದ. ಮುರಿದ ಕಿಟಕಿ ನೋಡಿ, "ಏನು ಬಡಿದದ್ದು?" ಎಂದು ಕೇಳಿದ.

ಗೇಟಿನ ಬಳಿ ಒಂದು ಬಿಳಿ ಶೀಟು ಬಿದ್ದಿತ್ತು. ಬಂದರಿನ ಐಸ್ ಶೆಡ್ಡಿನದು. ಆ ಶೆಡ್ಡಿನ ಛಾವಣಿಯೂ ಅರ್ಧ ಹಾರಿ ಊರೆಲ್ಲ ಚೆಲ್ಲಿತ್ತು.

ಮೈಕಣ್ಣ ಗದ್ದ ಎತ್ತಿ ಅದರ ಕಡೆ ತೋರಿಸಿದ. "ಅಲ್ಲೇ ಬಿದ್ದಿದೆಯಲ್ಲ ಸಾರ್."

ಅಷ್ಟೇ ಅವನು ಹೇಳಿದ್ದು.

ಐಸ್ ಶೆಡ್ಡಿನ ಒಡೆಯನನ್ನು ಎಲ್ಲರೂ ಐಸ್ ಸಾಹುಕಾರ ಎನ್ನುತ್ತಿದ್ದರು. ಸಾಹುಕಾರಿಕೆ ಹೆಸರಲ್ಲಿ ಮಾತ್ರ ಇತ್ತು. ಒಂದು ಹಳೇ ಯಂತ್ರ, ಮೀನು ಪೆಟ್ಟಿಗೆಗಳಿಗೆ ಐಸು ಪುಡಿ ಮಾಡಿಕೊಡುವ ಇಬ್ಬರು ಆಳು, ಒಂದು ತಳ್ಳಿ ಶುರು ಮಾಡಬೇಕಾದ ವ್ಯಾನು. ಮನುಷ್ಯ ಒರಟ, ಮಾತು ಕಡಿಮೆ, ವ್ಯಾಪಾರದಲ್ಲಿ ಜಗಳಗಂಟ. ತನ್ನ ಶೀಟು ಟೈಲರಕ್ಕನ ಕೈ ಕತ್ತರಿಸಿತು ಎಂಬ ಸುದ್ದಿ ಅವನಿಗೆ ಅದೇ ಸಂಜೆ ಮುಟ್ಟಿತು.

ಮಾರನೆಯ ದಿನ ಮೈಕಣ್ಣ ಹೆಂಡತಿಯ ಜೊತೆ ಆಸ್ಪತ್ರೆಗೆ ಹೋದ. ಟೈಲರಕ್ಕನ ಬಲಗೈ ಮೊಣಕೈವರೆಗೂ ಬ್ಯಾಂಡೇಜಿನಲ್ಲಿತ್ತು. ನರ ತುಂಡಾಗಿದೆ, ಹೊಲಿದಿದ್ದಾರೆ, ಬೆರಳು ಎಷ್ಟು ಮಡಚುತ್ತವೋ ಈಗಲೇ ಹೇಳಲಾಗದು ಎಂದಿದ್ದರು ಡಾಕ್ಟರು.

"ನಾನು ಊರಿಗೆಲ್ಲ ಹೊಲಿದೆ, ಈಗ ನನ್ನನ್ನೇ ಹೊಲಿದರು," ಎಂದು ನಕ್ಕಳು ಅಕ್ಕ. "ಕೆಟ್ಟ ಹೊಲಿಗೆ. ನಾನಾಗಿದ್ರೆ ಬಿಚ್ಚಿ ಮತ್ತೆ ಹಾಕ್ತಿದ್ದೆ."

ಹೆಂಡತಿ ಅತ್ತಳು. ಮೈಕಣ್ಣ ತಂದಿದ್ದ ಬಿಸ್ಕತ್ತಿನ ಪೊಟ್ಟಣ ಮೇಜಿನ ಮೇಲಿಟ್ಟ, ತೆಗೆದ, ಮತ್ತೆ ಇಟ್ಟ. ಅಕ್ಕ ಅವನನ್ನೇ ನೋಡುತ್ತಿದ್ದಳು. "ನಿನ್ನ ಕೈಗೇನಾಯ್ತು?" ಎಂದಳು, ಅವನ ಅಂಗೈಯ ಪಟ್ಟಿ ಕಂಡು.

"ಮನೆ ಗಾಜು ಎತ್ತುವಾಗ ಕುಯ್ತು."

"ಹೌದಾ," ಎಂದಳು ಅಕ್ಕ.

ಆ ಒಂದು ಪದ ಅವನ ಬೆನ್ನು ಹತ್ತಿ ಮನೆಯವರೆಗೂ ಬಂತು.

ಅಲ್ಲಿಂದ ಮುಂದೆ ಊರು ಅವನಿಗೆ ಅವನ ಛಾವಣಿಯನ್ನು ತಂದು ಒಪ್ಪಿಸಲು ಶುರು ಮಾಡಿತು. ಆ ಬಣ್ಣ ಬೇರೆ ಯಾರದೂ ಅಲ್ಲವಲ್ಲ. ಶಾಲೆ ಮಾಸ್ತರು ಆಟದ ಬಯಲಲ್ಲಿ ಸಿಕ್ಕಿತೆಂದು ಒಂದನ್ನು ಸೈಕಲ್ಲಿಗೆ ಕಟ್ಟಿಕೊಂಡು ತಂದರು. ದೋಣಿಯವರು ಮರಳಲ್ಲಿ ಹೂತಿದ್ದ ಒಂದನ್ನು ಅಗೆದು, ಉಪ್ಪುನೀರು ತೊಳೆದು ತಂದರು. "ನಿಮ್ಮದೇ ಅಲ್ವಾ ಮೈಕಣ್ಣ?" ಎಂದು ಎಷ್ಟು ಮರ್ಯಾದೆಯಿಂದ ಕೇಳುತ್ತಿದ್ದರೆಂದರೆ, ಬೈದಿದ್ದರೂ ಅವನಿಗೆ ಅಷ್ಟು ಚುಚ್ಚುತ್ತಿರಲಿಲ್ಲ. ಯಾರೂ ಅಣಕಿಸಲಿಲ್ಲ. ಅಣಕಿಸಬಾರದೆಂದು ಹಿಡಿದುಕೊಂಡ ನಗು ಮಾತ್ರ ಅವರ ಕೆನ್ನೆಯಲ್ಲಿ ಕಾಣುತ್ತಿತ್ತು. ಕೂಗಿ ಹೇಳಿದವನ ಮನೆಯೇ ಹಾರಿಹೋಯಿತಲ್ಲ! ನಗದೆ ಇನ್ನೇನು ಮಾಡುತ್ತಾರೆ? ಜೀಪಿನಲ್ಲಿ ಕೂತು ಬಾಯಿ ತೆರೆದರೆ ಅವನಿಗೇ ತನ್ನ ದನಿ ಬೇರೆ ಯಾರದೋ ಎನಿಸುತ್ತಿತ್ತು.

ಜನ ತಂದುಕೊಟ್ಟ ಶೀಟುಗಳನ್ನು ಹೆಂಡತಿ ಗೋಡೆಗೆ ಒರಗಿಸಿ ಜೋಡಿಸುತ್ತಿದ್ದಳು. ಒಂದು ದಿನ, "ಸೂರಿನ ಮುಂದಿನ ಬಾಗಿದ ಅಂಚಿಂದು ಒಂದು ಬಂದಿಲ್ಲ," ಎಂದಳು.

"ಸಮುದ್ರಕ್ಕೆ ಹೋಗಿರಬೇಕು," ಎಂದ ಮೈಕಣ್ಣ.

ಅವರು ಆಗ ಅರ್ಧ ಮನೆಗೆ ಟಾರ್ಪಾಲು ಕಟ್ಟಿಕೊಂಡು ಅಡುಗೆಮನೆಯಲ್ಲೇ ಮಲಗುತ್ತಿದ್ದರು. ಒಂದು ಸಂಜೆ ಊಟಕ್ಕೆ ಕೂತಾಗ ಹೆಂಡತಿ ಹೇಳಿದಳು: "ಆ ಐಸ್ ಸಾಹುಕಾರರನ್ನು ನಾವು ಏನೋ ಅಂದ್ಕೊಂಡಿದ್ವಿ. ದಿನಾ ಅಂಗಡಿಗೆ ಬರ್ತಾರೆ. ಅಕ್ಕನಿಗೆ ಹತ್ತಿ, ಬ್ಯಾಂಡೇಜು, ಮುಲಾಮು. ವ್ಯಾನಲ್ಲಿ ಕೂರಿಸ್ಕೊಂಡು ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರಂತೆ. ಇವತ್ತು ನಾನು ಚಿಲ್ಲರೆ ಕೊಟ್ಟರೆ ನನ್ನ ಮುಖ ಕೂಡ ನೋಡಲಿಲ್ಲ, ತಲೆ ಬಗ್ಗಿಸ್ಕೊಂಡೇ ಹೋದರು. ಪಾಪ, ಅರ್ಧ ಆಗಿದಾರೆ ಮನುಷ್ಯ."

ಮೈಕಣ್ಣನ ಕೈಯಲ್ಲಿದ್ದ ತುತ್ತು ತಟ್ಟೆಗೇ ಇಳಿಯಿತು. ಹೊಟ್ಟೆ ಸರಿಯಿಲ್ಲ ಎಂದು ಎದ್ದ.

ಅಷ್ಟು ಹೊತ್ತಿಗೆ ಟೈಲರಕ್ಕ ಮನೆಗೆ ಬಂದಿದ್ದಳು. ಅವನು ಎದುರು ಮನೆಗೆ ಹೋಗುವುದನ್ನು ಇವತ್ತು ನಾಳೆ ಎಂದು ತಳ್ಳುತ್ತಲೇ ಇದ್ದ. ರಜೆಯ ದಿನ ಬೆಳಗ್ಗೆ ಹೆಂಡತಿ ಸಾರಿನ ಡಬ್ಬಿ ಕೈಗಿಟ್ಟು, ಕೊಟ್ಟು ಬನ್ನಿ ಎಂದಾಗ ತಪ್ಪಿಸಿಕೊಳ್ಳಲಾಗಲಿಲ್ಲ.

ಒಳಗೆ ಐಸ್ ಸಾಹುಕಾರ ಇದ್ದ. ಕಿಟಕಿಗೆ ಹೊಸ ಹಲಗೆ ಬಡಿಯುತ್ತಿದ್ದ. ಬೆವರಿ ಅಂಗಿ ಬೆನ್ನಿಗಂಟಿತ್ತು. ಟೈಲರಕ್ಕ ಕುರ್ಚಿಯಲ್ಲಿ ಕೂತು ಎಡಗೈಯಿಂದ ಮೊಳೆ ಕೊಡುತ್ತಿದ್ದಳು.

"ಬಾಪ್ಪಾ," ಎಂದಳು. "ಇವರಿಗೆ ನೀನಾದ್ರೂ ಹೇಳು. ನನ್ನ ಮಾತು ಕೇಳಲ್ಲ. ಸಾಕು ಬಿಡಿ, ನಿಮ್ಮ ಶೆಡ್ಡು ನೋಡ್ಕೊಳ್ಳಿ ಅಂದ್ರೂ ದಿನಾ ಬರ್ತಾರೆ."

ಸಾಹುಕಾರ ಸುತ್ತಿಗೆ ಇಳಿಸಿದ. "ನನ್ನ ಶೀಟು ಹೀಗೆ ಮಾಡಿದ ಮೇಲೆ ನಾನು ಶೆಡ್ಡಲ್ಲಿ ಹೇಗಮ್ಮಾ ಕೂತ್ಕೊಳ್ಳಲಿ? ಆ ಸ್ಕ್ರೂಗಳು ತುಕ್ಕು ಹಿಡಿದಿದ್ವು. ಈ ವರ್ಷ ಬದಲಾಯಿಸೋಣ, ಮುಂದಿನ ವರ್ಷ ಬದಲಾಯಿಸೋಣ ಅಂತಿದ್ದೆ."

"ಅದು ನಿಮ್ಮ ಶೀಟಲ್ಲ ಅಂತ ಎಷ್ಟು ಸಲ ಹೇಳಲಿ? ನನಗೆ ಕಣ್ಣಿಲ್ವಾ? ಮೈಮೇಲೆ ಬಂದದ್ದು ಏನು ಅಂತ ನೋಡಿದೋಳು ನಾನು."

"ನಿಮ್ಮದು ದೊಡ್ಡ ಮನಸ್ಸು," ಎಂದ ಸಾಹುಕಾರ. "ನನ್ನ ಸಮಾಧಾನಕ್ಕೆ ಹೇಳ್ತೀರಿ." ಮತ್ತೆ ಮೊಳೆ ಬಡಿಯತೊಡಗಿದ.

ಟೈಲರಕ್ಕ ನಿಧಾನಕ್ಕೆ ತಿರುಗಿ ಮೈಕಣ್ಣನ ಮುಖ ನೋಡಿದಳು. ಕೋಪವಿರಲಿಲ್ಲ ಅದರಲ್ಲಿ. ಅವನು ಈಗ ಬಾಯಿ ಬಿಡುತ್ತಾನೆ ಎಂದು ಕಾದ ಹಾಗಿತ್ತು. ಹಳೇ ಕಿಟಕಿಯ ಚೌಕಟ್ಟು ಗೋಡೆಗೆ ಒರಗಿತ್ತು. ಅದರ ಒಡೆದ ಮರದ ತುಂಬ ನೀಲಿ ಗೀರು. ಮೈಕಣ್ಣ ಅದನ್ನು ನೋಡಿದ, ಅವಳನ್ನು ನೋಡಿದ. ಮೈಕಿಲ್ಲದೆಯೂ ಅರ್ಧ ಊರಿಗೆ ಕೇಳುವ ಹಾಗೆ ಕೂಗಬಲ್ಲವನು ಆ ಸಣ್ಣ ಕೋಣೆಯಲ್ಲಿ ನಿಂತು, "ಸಾರು ಬಿಸಿ ಇದೆ ಅಕ್ಕಾ," ಎಂದ. ಡಬ್ಬಿ ಇಟ್ಟು ಹೊರಗೆ ಬಂದುಬಿಟ್ಟ.

ಶೀಟು ಮುಚ್ಚಿಟ್ಟ ದಿನ ಹೆದರಿಕೆ ಇತ್ತು, ಗಾಬರಿ ಇತ್ತು. ಇವತ್ತು ಯಾವುದೂ ಇರಲಿಲ್ಲ. ಹೇಳಲು ಜಾಗ ಇತ್ತು, ಹೊತ್ತಿತ್ತು, ಅವಳು ಬಾಗಿಲು ತೆರೆದಿಟ್ಟು ಕಾದಿದ್ದಳು. ಅದಕ್ಕೇ ಇವತ್ತಿನದು ಹೆಚ್ಚು ಹೇಸಿಗೆ ಎನಿಸಿತು.

ಹೆಂಡತಿ ಬಟ್ಟೆ ಒಗೆಯುತ್ತಿದ್ದಳು. ಅವನು ಒಗೆಯುವ ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಎಲ್ಲ ಹೇಳಿದ. ಚರಂಡಿ, ಗೇಟಿನ ಬಳಿಯ ಬಿಳಿ ಶೀಟು, ಈಗ ತಾನೇ ನುಂಗಿಕೊಂಡು ಬಂದ ಮಾತು. ಅವಳು ಒದ್ದೆ ಬಟ್ಟೆ ಕೈಯಲ್ಲಿ ಹಿಡಿದೇ ಕೇಳಿದಳು.

"ಶೀಟು ಹಾರಿದ್ದು ಗಾಳಿಗೆ," ಎಂದಳು ಕೊನೆಗೆ. "ನೀವು ಮುಚ್ಚಿಟ್ಟಿರಲ್ಲ, ಅದು ಯಾವ ಗಾಳಿಗೆ?"

ಅವಳು ಒದ್ದೆ ಬಟ್ಟೆಯನ್ನು ಕಲ್ಲಿನ ಮೇಲಿಟ್ಟಳು.

"ಶೀಟಿನ ಅಂಗಡಿಯಲ್ಲಿ ನಾನು ಸುಮ್ಮನಾದೆ. ಅದು ನನ್ನ ತಪ್ಪು, ನಾನು ಹೊರ್ತೀನಿ. ಇದನ್ನು ನಾನು ಹೊರಲ್ಲ. ಆ ಮನುಷ್ಯನ ಮುಂದೆ ಹೋಗಿ ಹೇಳಿ. ಹೇಳದೆ ಊಟಕ್ಕೆ ಬರಬೇಡಿ ಅಂತ ನಾನು ಅನ್ನಲ್ಲ. ಬಂದರೆ ಬಡಿಸ್ತೀನಿ. ಆದರೆ ನನ್ನ ಕೈಯಲ್ಲಿ ನಿಮ್ಮ ಮುಖ ನೋಡೋಕೆ ಆಗಲ್ಲ."

ಮರುದಿನ ಬೆಳಗ್ಗೆ ಅವನು ಬಂದರಿಗೆ ಹೋದ. ಐಸ್ ಶೆಡ್ಡಿನ ಮೇಲೆ ಇನ್ನೂ ಅರ್ಧ ಆಕಾಶವೇ ಇತ್ತು. ಯಂತ್ರ ಓಡುತ್ತಿತ್ತು, ಆಳುಗಳು ಐಸಿನ ದಿಮ್ಮಿ ತಳ್ಳುತ್ತಿದ್ದರು, ಅದು ಕಟಕಟನೆ ಅರೆದು ಉಗುಳುತ್ತಿತ್ತು. ಮೀನಿನ ಹೆಂಗಸರು ಬುಟ್ಟಿ ಹಿಡಿದು ಸಾಲುಗಟ್ಟಿದ್ದರು. ಸಾಹುಕಾರ ಸಲಿಕೆ ಹಿಡಿದು ನಿಂತಿದ್ದ.

"ಸಾಹುಕಾರ್ರೇ, ಸ್ವಲ್ಪ ಹೊರಗೆ ಬನ್ನಿ."

"ಏನು?"

"ಒಂದು ಮಾತಿತ್ತು."

"ಕೇಳಿಸ್ತಾ ಇಲ್ಲ! ನಿನ್ನ ಗಂಟಲಿಗೇನಾಗಿದೆ? ಜೋರಾಗಿ ಹೇಳು!"

ಮೈಕಣ್ಣ ಇನ್ನೊಮ್ಮೆ ಹೇಳಿದ. ಸಾಹುಕಾರ ಕಿವಿಗೆ ಕೈ ಇಟ್ಟ. ಮೈಕಣ್ಣ ಎದೆ ತುಂಬ ಉಸಿರು ತೆಗೆದುಕೊಂಡು, ಜೀಪಿನಲ್ಲಿ ಕೂಗುವ ದನಿಯಲ್ಲೇ, "ಅಕ್ಕನ ಕೈ ಕುಯ್ದದ್ದು ನನ್ನ ಶೀಟು!" ಎಂದ. ಆಳು ಅಷ್ಟರಲ್ಲೇ ಯಂತ್ರ ನಿಲ್ಲಿಸಿದ್ದ. ಕೊನೆಯ ಎರಡು ಪದ ಶೆಡ್ಡಿನ ಗೋಡೆಗೆ ಬಡಿದು, ಬಂದರಿನ ಕಟ್ಟೆಯವರೆಗೂ ಹೋದವು.

ಸಾಲಿನಲ್ಲಿದ್ದವರೆಲ್ಲ ತಿರುಗಿದರು. ನಿಂತ ನೆಲ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು ಅವನಿಗೆ. ಆದರೆ ನೆಲ ಐಸುನೀರಿನಲ್ಲಿ ಒದ್ದೆಯಾಗಿ ಸುಮ್ಮನಿತ್ತು. ಉಳಿದದ್ದನ್ನು ಅವನು ಎಲ್ಲರೆದುರಿಗೇ ಹೇಳಿದ. ಕಿಟಕಿಯಿಂದ ಎಳೆದು ಚರಂಡಿಗೆ ಹಾಕಿದ್ದು. ಸೂಪರ್‌ವೈಸರು ಕೇಳಿದಾಗ ಗದ್ದ ಎತ್ತಿ ತೋರಿಸಿದ್ದು. ನಿನ್ನೆ ಎದುರೇ ನಿಂತಿದ್ದೂ ಹೇಳದೆ ಬಂದದ್ದು.

ಸಾಹುಕಾರ ಸಲಿಕೆಯನ್ನು ಗೋಡೆಗೆ ಒರಗಿಸಿ, ಒಂದು ಖಾಲಿ ಮೀನುಪೆಟ್ಟಿಗೆಯ ಮೇಲೆ ಕೂತ. ಮುಖ ಒರೆಸಿಕೊಂಡ.

"ನನ್ನದಲ್ಲ," ಎಂದ ತನ್ನಷ್ಟಕ್ಕೆ.

"ಅಲ್ಲ."

"ನನ್ನ ತಾಯಿಗೆ ಹೇಳಿದ್ದೆ, ನಾನು ಒಬ್ಬರ ಅನ್ನದ ಕೈ ಕಡಿದೆ ಅಂತ. ಆಕೆ ನನ್ನ ಹತ್ತಿರ ಸರಿಯಾಗಿ ಮಾತಾಡಿಲ್ಲ ಆವತ್ತಿನಿಂದ." ಅವನ ಕಿವಿ ಕೆಂಪಾಗುತ್ತ ಬಂತು. "ನನ್ನ ಕೆಲಸದವರ ಮುಖ ನೋಡೋಕೆ ನಾಚ್ಕೊಂಡು ಓಡಾಡ್ದೆ. ನೀನು ಜೀಪಲ್ಲಿ ನನ್ನ ಮುಂದೇನೇ ಹೋಗ್ತಿದ್ದೆ. ಕೈ ಬೀಸ್ತಿದ್ದೆ!"

"ತಪ್ಪಾಯ್ತು ಸಾಹುಕಾರ್ರೇ."

"ಹೋಗು ಇಲ್ಲಿಂದ. ಕೈಯಲ್ಲಿ ಸಲಿಕೆ ಇದೆ, ಹೋಗು."

ಸಲಿಕೆ ಗೋಡೆಗೆ ಒರಗಿತ್ತು. ಯಾರೂ ಅದನ್ನು ಹೇಳಲಿಲ್ಲ. ಮೈಕಣ್ಣ ಮೀನಿನ ಹೆಂಗಸರ ಸಾಲನ್ನು ದಾಟಿ ಹೊರಟ. ಯಾರೋ ಒಬ್ಬಳು ತನ್ನ ಬುಟ್ಟಿಯನ್ನು ಅವನಿಗೆ ತಾಗದ ಹಾಗೆ ಪಕ್ಕಕ್ಕೆಳೆದುಕೊಂಡಳು.

ಅಲ್ಲಿಂದ ಪುರಸಭೆಗೆ ಹೋಗಿ ಸೂಪರ್‌ವೈಸರಿಗೂ ಹೇಳಿದ. ಅವನು ಬೈದು, ಕೆಲವು ದಿನ ಮೈಕು ಬೇರೆಯವರ ಕೈಗೆ ಕೊಟ್ಟು, ಇವನನ್ನು ಚರಂಡಿ ತೆಗೆಸುವವರ ಜೊತೆ ಕಳಿಸಿದ. ಆ ಕೆಸರಿನಲ್ಲಿ ಮಡಚಿದ ನೀಲಿ ಶೀಟು ಸಿಕ್ಕಿದಾಗ ಜೊತೆಗಿದ್ದವರು ಬೇರೆ ಕಡೆ ನೋಡಿದರು. ಅವನೇ ಎತ್ತಿ ಲಾರಿಗೆ ಹಾಕಿದ.

ಟೈಲರಕ್ಕನ ಬಳಿ ಅವನು ಬಂದರಿನಲ್ಲಿ ಹೇಳಿದ ದಿನವೇ ಸಂಜೆ ಹೋಗಿದ್ದ. ಸುದ್ದಿ ಅವನಿಗಿಂತ ಮೊದಲೇ ಬಂದು ಕೂತಿತ್ತು. ಅವನು ಹೊಸಿಲಲ್ಲೇ ನಿಂತ.

"ನನಗೆ ಗೊತ್ತಿತ್ತು ಕಣೋ," ಎಂದಳು ಅವಳು. "ಆ ಬಣ್ಣ ಮೈಮೇಲೆ ಬಂದದ್ದು ನಾನು ಸಾಯೋತನಕ ಮರೆಯಲ್ಲ. ಆಸ್ಪತ್ರೆಗೆ ನೀನು ಬಂದಾಗ ಈಗ ಹೇಳ್ತಾನೆ ಅಂದ್ಕೊಂಡೆ. ನಿನ್ನೆ ಈಗ ಹೇಳ್ತಾನೆ ಅಂದ್ಕೊಂಡೆ. ನಿನ್ನ ಮಗಳನ್ನು ಈ ಕೈಯಲ್ಲಿ ಎತ್ತಿದೀನಿ. ಗಾಳಿ ತಂದು ಎಸೆದದ್ದಕ್ಕೆ ನಾನು ನಿನ್ನನ್ನು ಏನೂ ಅಂತಿರಲಿಲ್ಲ."

"ಗೊತ್ತು ಅಕ್ಕಾ. ಅದಕ್ಕೇ ಇನ್ನೂ..." ಅವನು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.

"ಅಳಬೇಡ. ಅತ್ತರೆ ನಾನು ಸಮಾಧಾನ ಮಾಡಬೇಕಾಗುತ್ತೆ, ನನಗೆ ಇವತ್ತು ಮನಸ್ಸಿಲ್ಲ. ನಾಳೆ ಬೆಳಗ್ಗೆ ಬಾ. ಕತ್ತರಿ ಹಿಡಿಯೋಕೆ ನನ್ನ ಬೆರಳು ಮಡಚಲ್ಲ. ನಾನು ಗೆರೆ ಎಳೀತೀನಿ, ನೀನು ಕತ್ತರಿಸು."

ಹೀಗೆ ದಿನವೂ ಕೆಲಸಕ್ಕೆ ಹೋಗುವ ಮೊದಲು ಅವನು ಟೈಲರಕ್ಕನ ನೆಲದ ಮೇಲೆ ಕೂತು ಬಟ್ಟೆ ಕತ್ತರಿಸತೊಡಗಿದ. ಮೊದಲ ಅಂಗಿಯ ಒಂದು ತೋಳು ಇನ್ನೊಂದಕ್ಕಿಂತ ಗಿಡ್ಡವಾಯಿತು. ಅವಳು ಅವನ ಏಳು ತಲೆಮಾರನ್ನೂ ಎಳೆದು ಬೈದಳು. ಆಸ್ಪತ್ರೆಗೆ ಕರೆದೊಯ್ಯಲು ಮಾತ್ರ ಐಸ್ ಸಾಹುಕಾರನ ವ್ಯಾನೇ ಬರುತ್ತಿತ್ತು. ನಿಮ್ಮದಲ್ಲ ಎಂದು ಗೊತ್ತಾಯಿತಲ್ಲ, ಇನ್ನೂ ಯಾಕೆ ಎಂದು ಅವಳು ಕೇಳಿದ್ದಕ್ಕೆ, ಅಭ್ಯಾಸ ಆಗಿಬಿಟ್ಟಿದೆ ಎಂದನಂತೆ. ಮೈಕಣ್ಣ ಅಲ್ಲಿದ್ದರೆ ಅವನು ವ್ಯಾನಿನಿಂದ ಇಳಿಯುತ್ತಿರಲಿಲ್ಲ, ಹಾರ್ನು ಹೊಡೆಯುತ್ತಿದ್ದ.

ಮುಂದಿನ ಗಾಳಿಯ ಕಾಲ ಹತ್ತಿರ ಬರುವ ಮೊದಲು ಗಂಡ ಹೆಂಡತಿ ಮತ್ತೆ ಶೀಟಿನ ಅಂಗಡಿಗೆ ಹೋದರು. ಅಂಗಡಿ ತುಂಬ ಛಾವಣಿ ಕಳೆದುಕೊಂಡವರೇ. ಮೈಕಣ್ಣ ಒಳಗೆ ಬಂದಾಗ ಮಾತು ನಿಂತಿತು. ಅವನು ಮೂಲೆಯಲ್ಲಿ ನಿಂತ, ಮಾತೆಲ್ಲ ಹೆಂಡತಿಗೇ ಬಿಟ್ಟ. ಅವಳು ಬೂದು ಶೀಟಿನ ಅಂಚನ್ನು ಉಗುರಿನಿಂದ ಕೆರೆದು ನೋಡಿದಳು, ಯಜಮಾನಿಯಿಂದ ಕ್ಲಿಪ್ಪು ಇಸಿದುಕೊಂಡು ಬಗ್ಗಿಸಿ ನೋಡಿದಳು. ಮರದ ತೊಲೆಯಿಂದ ಗೋಡೆಯೊಳಕ್ಕೆ ಹೋಗುವ ಪಟ್ಟಿ ಎಷ್ಟು ಆಳ ಹೋಗಬೇಕು, ಛಾವಣಿಯನ್ನು ಎರಡು ಕಡೆ ಅಲ್ಲ ನಾಲ್ಕೂ ಕಡೆ ಇಳಿಜಾರು ಮಾಡಿದರೆ ಗಾಳಿ ಜಾರಿಹೋಗುತ್ತದೆಯೇ ಎಂದೆಲ್ಲ ಕೇಳಿದಳು. ಸೂರು ಎಷ್ಟು ಮುಂದೆ ಎಂದು ಯಜಮಾನಿ ಕೇಳಿದಾಗ ತನ್ನ ಗೇಣು ತೋರಿಸಿದಳು. ಪಕ್ಕದಲ್ಲಿದ್ದ ಮುದುಕನೊಬ್ಬ, "ನಮಗೂ ಹಾಗೇ ಬರ್ಕೊಳ್ಳಿ," ಎಂದ. ಮೈಕಣ್ಣನ ಕಡೆ ನೋಡಲಿಲ್ಲ.

ಛಾವಣಿ ಏರಿತು. ನೋಡಲು ಏನೂ ಇಲ್ಲದ ಛಾವಣಿ. ಜಗಲಿಗೆ ನೆರಳಿಲ್ಲದೆ ಮಧ್ಯಾಹ್ನ ಬಿಸಿಲು ಒಳಗೇ ನುಗ್ಗುತ್ತಿತ್ತು. ಮೈಕಣ್ಣನಿಗೆ ಮೈಕು ಮರಳಿ ಸಿಕ್ಕಿತು. ಸೂರು ಚಾಚಬೇಡಿ ಎಂಬ ಸಾಲು ಬಂದಾಗ ಅವನ ದನಿ ಒಂದು ಮೆಟ್ಟಿಲು ಇಳಿಯುತ್ತದೆ ಎಂದು ಜೀಪಿನ ಡ್ರೈವರ್ ಗಮನಿಸಿದ್ದ. ಬಿಟ್ಟು ಓದಬಾರದೇ ಎಂದು ಒಮ್ಮೆ ಕೇಳಿದ. ಮೈಕಣ್ಣ ತಲೆಯಾಡಿಸಿದ.

ಒಂದು ಬೆಳಗ್ಗೆ ಐಸ್ ಸಾಹುಕಾರನ ವ್ಯಾನು ಅವನ ಮನೆ ಮುಂದೆ ನಿಂತಿತು. ಸಾಹುಕಾರ ಇಳಿದು, ಬಾಗಿಲಲ್ಲಿದ್ದ ಮೈಕಣ್ಣನನ್ನು ದಾಟಿ ಒಳಗೆ ನೋಡುತ್ತ, "ಅಮ್ಮಾ ಇದ್ದೀರಾ?" ಎಂದ.

ಹೆಂಡತಿ ಕೈ ಒರೆಸಿಕೊಂಡು ಬಂದಳು. "ಬನ್ನಿ ಅಣ್ಣಾ."

"ಶೆಡ್ಡಿಗೆ ಶೀಟು ಹಾಕಿಸಬೇಕು. ನೀವು ಆರಿಸಿದ್ದು ಚೆನ್ನಾಗಿದೆ ಅಂತ ಅಂಗಡಿಯವಳು ಹೇಳಿದಳು. ಕ್ಲಿಪ್ಪು ಹೇಗೆ ಕೂತಿದೆ ನೋಡಬೇಕಿತ್ತು. ನಿಮ್ಮನ್ನು ಕೇಳೋಕೆ ಬಂದೆ."

ಕೊನೆಯ ಮಾತನ್ನು ಸ್ವಲ್ಪ ಒತ್ತಿ ಹೇಳಿದ. ಮೈಕಣ್ಣ ಒಳಗೆ ಹೋಗಿ ನೀರು ತಂದ. ಸಾಹುಕಾರ ಲೋಟ ತೆಗೆದುಕೊಂಡ, ಕುಡಿದ, ಯಾರ ಕೈಗೆ ಕೊಡುತ್ತಿದ್ದೇನೆ ಎಂದು ನೋಡದೆ ವಾಪಸ್ಸು ಕೊಟ್ಟ. ಹೆಂಡತಿ ಸ್ಕ್ರೂ, ಪಟ್ಟಿ, ಇಳಿಜಾರು ಎಲ್ಲ ವಿವರಿಸಿದಳು. ಅವನು ಕತ್ತೆತ್ತಿ ನೋಡಿದ, ಸಾಲಲಿಲ್ಲ. ಮೈಕಣ್ಣ ಹಿತ್ತಲಿನಿಂದ ಏಣಿ ತಂದು ಗೋಡೆಗೆ ಆನಿಸಿ, ಎರಡೂ ಕೈಯಿಂದ ಹಿಡಿದು ನಿಂತ.

ಸಾಹುಕಾರ ಒಂದು ಕ್ಷಣ ತಡೆದ. ಆಮೇಲೆ ಚಪ್ಪಲಿ ಬಿಟ್ಟು ಹತ್ತಿದ. ಸೂರಿನಡಿ ತಲೆ ತೂರಿಸಿ, ಶೀಟಿನ ಅಂಚನ್ನು ಹಿಡಿದು ಬಲವಾಗಿ ಅಲ್ಲಾಡಿಸಿದ. ಅದು ಕದಲಲಿಲ್ಲ, ಏಣಿ ಕದಲಿತು.

"ಗಟ್ಟಿ ಹಿಡಿಯೋ," ಎಂದ ಮೇಲಿನಿಂದ.

"ಹಿಡಿದಿದೀನಿ," ಎಂದ ಮೈಕಣ್ಣ.